ಗ್ರಂಥಾಲಯದ ಕಂಪ್ಯೂಟರ್ ಮುಂದೆ ಅರ್ಧ ಗಂಟೆ

ನಮ್ಮೂರ ಗ್ರಂಥಾಲಯಕ್ಕೆ ನಾನು ಓದಲು ಹೋದವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಲ್ಲಿ ಏನು ಕೆಲಸ? ಪಂಚಾಯಿತಿ ಕಚೇರಿ ಪಕ್ಕದ ಒಂದೇ ಕೋಣೆ, ಎರಡು ಬೀರು ಪುಸ್ತಕ, ಪೇಪರ್ ಓದುವ ನಾಲ್ಕು ಮುದುಕರು. ಅಷ್ಟೇ ಇತ್ತು. ಆಮೇಲೆ ಅಲ್ಲಿಗೆ ಎರಡು ಕಂಪ್ಯೂಟರ್ ಬಂದವು, ಇಂಟರ್‌ನೆಟ್ ಬಂತು. ಅದರ ಹಿಂದೆಯೇ ನಿಯಮಗಳು ಬಂದವು.

ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಕೆಲಸ ನಡೆಯುತ್ತಿದ್ದ ಕಾಲ ಅದು. ದೊಡ್ಡಬಳ್ಳಾಪುರದ ಸುತ್ತಮುತ್ತಲ ಹುಡುಗರು ಬೆಳಿಗ್ಗೆ ವ್ಯಾನ್ ಹತ್ತಿ ಆ ಕಡೆಗೇ ಹೋಗುತ್ತಿದ್ದರು. ನಾನು ಊರ ಹೊರಗೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯುತ್ತಿದ್ದೆ. ಕೊಯ್ದ ಹೂವನ್ನು ಡಬ್ಬಕ್ಕೆ ತುಂಬಿ ವ್ಯಾನಿಗೆ ಹಾಕಿದರೆ ಅದು ಏರ್‌ಪೋರ್ಟಿನ ಸರಕಿನ ಶೆಡ್ಡಿಗೆ ಹೋಗುತ್ತಿತ್ತು. ಹೂವು ಒಳಗೆ ಹೋಗುತ್ತಿತ್ತು. ನಾನು ಹೋಗುವ ಹಾಗಿರಲಿಲ್ಲ. ಒಳಗೆ ಹೋಗಲು ಪಾಸ್ ಬೇಕು.

ಒಂದು ಮಂಗಳವಾರ ವ್ಯಾನಿನ ಜೊತೆ ಬರುವ ಮೇಸ್ತ್ರಿ ನನ್ನನ್ನು ಕರೆದ. ಸರಕಿನ ಶೆಡ್ಡಿಗೆ ಆಳುಗಳನ್ನು ಕಳಿಸುವವನು ಅವನೇ.

"ಗುರು, ಶೆಡ್ಡಲ್ಲಿ ಒಂದ್ ಜಾಗ ಐತೆ. ಡಬ್ಬ ಇಳ್ಸೋದು, ಜೋಡ್ಸೋದು. ಬರ್ತೀಯಾ?"

"ಬರ್ತೀನಿ."

"ಪಾಸಿಗೆ ಮೊದ್ಲು ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕು. ಶುಕ್ರವಾರ ಸಾಯಂಕಾಲದೊಳಗೆ ಹಾಕಿರೋ ಕಾಗದ ನನ್ ಕೈಲಿರ್ಬೇಕು. ಇಲ್ಲಾಂದ್ರೆ ಬೇರೆಯೋನ್ ಹೆಸ್ರು ಕೊಡ್ತೀನಿ. ನಿನ್ ಫೋನ್ ನಂಬರೇ ಹಾಕು, ಅಂಗಡಿಯೋನ್ದು ಹಾಕ್ಬೇಡ."

ಅವನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹಿಂದೆ ಡ್ರೈವಿಂಗ್ ಲೈಸೆನ್ಸಿಗೆ ಪೇಟೆಯ ಅಂಗಡಿಯೊಬ್ಬನ ಕೈಲಿ ಅರ್ಜಿ ಹಾಕಿಸಿದ್ದೆ. ಅವನು ತನ್ನದೇ ನಂಬರ್ ಹಾಕಿಕೊಂಡ. ಟೆಸ್ಟಿಗೆ ಬನ್ನಿ ಎಂಬ ಮೆಸೇಜು ಅವನಿಗೆ ಬಂತು, ಅವನು ಮರೆತ, ನನ್ನ ಲೈಸೆನ್ಸು ಹೋಯಿತು. ಅದನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈ ಸಲ ನಾನೇ ಹಾಕುತ್ತೇನೆ ಎಂದು ಮನಸ್ಸು ಮಾಡಿದೆ. ನನ್ನ ಬಳಿ ಇದ್ದದ್ದು ಬಟನ್ ಫೋನು. ಹಾಗಾಗಿ ಗ್ರಂಥಾಲಯ.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋದೆ. ಮೆಟ್ಟಿಲ ಮುಂದೆ ಆಗಲೇ ಎರಡು ಜೊತೆ ಚಪ್ಪಲಿ ಸಾಲಾಗಿದ್ದವು. ಮನುಷ್ಯರಿಲ್ಲ. ನನಗೆ ಅರ್ಥವಾಯಿತು. ನಮ್ಮ ರೇಷನ್ ಅಂಗಡಿ ಮುಂದೆ ಹೀಗೇ ಮಾಡುತ್ತೇವೆ. ಚೀಲ, ಕಲ್ಲು, ಚಪ್ಪಲಿ, ಏನಾದರೂ ಒಂದನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತೇವೆ. ಬಿಟ್ಟ ವಸ್ತು ನಮ್ಮ ಬದಲು ನಿಂತಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ನಾನೂ ನನ್ನ ಚಪ್ಪಲಿಯನ್ನು ಮೂರನೆಯದಾಗಿ ಇಟ್ಟು ಬರಿಗಾಲಲ್ಲಿ ಮನೆಗೆ ಹೋದೆ. ಹಸುವಿಗೆ ಹುಲ್ಲು ಹಾಕಿ, ಮುದ್ದೆ ಉಂಡು ಬಂದೆ.

ಬಂದು ನೋಡಿದರೆ ಸಾಲೇ ಇಲ್ಲ. ಅಷ್ಟೂ ಚಪ್ಪಲಿಗಳನ್ನು ಗೋಡೆ ಪಕ್ಕದ ಸ್ಟ್ಯಾಂಡಿನಲ್ಲಿ ಯಾರೋ ಜೋಡಿಸಿಟ್ಟಿದ್ದರು. ಒಳಗೆ ಎರಡು ಕಂಪ್ಯೂಟರಿನ ಮುಂದೆಯೂ ಯಾರೋ ಕೂತಿದ್ದರು. ಹೊರಗೆ ಏಳೆಂಟು ಜನ ಜಗಳವಾಡುತ್ತಿದ್ದರು.

"ನಂದು ಎಲ್ಡನೇ ಚಪ್ಲಿ ಕಣೋ!"

"ಲೇ, ನಿಂದು ಹವಾಯಿ. ಎಲ್ಡನೇದು ಬಾಟಾ ಇತ್ತು, ನಾನ್ ನೋಡಿವ್ನಿ!"

"ಮೂರನೇದು ನಂದು," ಎಂದು ನಾನೂ ಸೇರಿಕೊಂಡೆ.

ಗ್ರಂಥಾಲಯದ ಮೇಡಂ ಬಾಗಿಲಿಗೆ ಬಂದರು. ಐವತ್ತರ ಹತ್ತಿರದ ಹೆಂಗಸು, ಕನ್ನಡಕ, ಕೈಯಲ್ಲಿ ಒಂದು ಉದ್ದದ ಪುಸ್ತಕ.

"ಚಪ್ಪಲಿ ಎತ್ತಿಟ್ಟೋಳು ನಾನೇ. ದಾರೀಲಿ ಬಿದ್ದಿದ್ವು. ಇದೇನ್ ರೇಷನ್ ಡಿಪೋನಾ? ಕಂಪ್ಯೂಟರ್ ಮುಂದೆ ನಿಮ್ ಚಪ್ಪಲಿ ಕೂತ್ಕೊಳ್ಳುತ್ತಾ, ನೀವು ಕೂತ್ಕೊಳ್ತೀರಾ? ಈ ಪುಸ್ತಕದಲ್ಲಿ ಹೆಸರು ಬರ್ದೋರಿಗೆ ಮಾತ್ರ ಸರದಿ. ಬರ್ದು ಇಲ್ಲೇ ಕೂತಿರ್ಬೇಕು. ಗೋಡೆ ಮೇಲೆ ಅಷ್ಟ್ ದೊಡ್ಡದಾಗಿ ಬರೆದಿದ್ದೀನಿ, ಒಬ್ರಾದ್ರೂ ಓದಿದ್ದೀರಾ?"

ಯಾರೂ ಓದಿರಲಿಲ್ಲ. ಆ ದಿನ ನನ್ನ ಹೆಸರು ಹದಿಮೂರನೆಯದು. ನಡುವೆ ಎರಡು ಗಂಟೆ ಕರೆಂಟೂ ಹೋಯಿತು, ಸರದಿ ಬರುವ ಮೊದಲೇ ಬಾಗಿಲು ಹಾಕಿದರು.

ಕಾಯುತ್ತಾ ಕೂತಾಗ ಗೋಡೆ ಓದಿದೆ. ಬೇರೆ ಕೆಲಸವಿರಲಿಲ್ಲ. ಬಿಳಿ ಹಾಳೆ, ನೀಲಿ ಸ್ಕೆಚ್ ಪೆನ್ನು. ಒಬ್ಬರಿಗೆ ಅರ್ಧ ಗಂಟೆ. ಒಂದು ಕಂಪ್ಯೂಟರಿಗೆ ಒಬ್ಬರೇ. ಫೋನು ಸೈಲೆಂಟ್ ಮಾಡಿ ಮೇಜಿನ ಮೇಲಿನ ಟ್ರೇನಲ್ಲಿ ಇಡಬೇಕು. ಕಡಲೆಕಾಯಿ ತಿನ್ನಬಾರದು. ಪರದೆಗೆ ಸ್ವಂತ ಮದುವೆ ಫೋಟೊ ಹಾಕಬಾರದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೀಬೋರ್ಡ್ ಮುಟ್ಟಬಾರದು. ಎದ್ದು ಹೋಗುವಾಗ ಲಾಗ್‌ಔಟ್ ಆಗಿದೆಯೇ ಎಂದು ಮೇಡಂಗೆ ತೋರಿಸಬೇಕು. ಓದುತ್ತಾ ಹೋದಂತೆ ಪ್ರತಿ ನಿಯಮದ ಹಿಂದಿರುವ ಊರಿನವನು ಯಾರೆಂದು ನನಗೆ ಗೊತ್ತಾಗುತ್ತಿತ್ತು. ಮದುವೆ ಫೋಟೊದವನು ನನ್ನ ಜೊತೆ ಗುಲಾಬಿ ಕೊಯ್ಯುತ್ತಿದ್ದ.

ಗುರುವಾರ ಬೇಗ ಹೋಗಿ, ಹೆಸರು ಬರೆದು, ಕದಲದೆ ಕೂತೆ. ಎರಡನೆಯದೇ ನನ್ನ ಸರದಿ. ಫೋನನ್ನು ಟ್ರೇನಲ್ಲಿಟ್ಟೆ. ಕಂಪ್ಯೂಟರಿನ ಮುಂದೆ ಕೂತ ಮೇಲೆ ಗೊತ್ತಾಯಿತು, ಅಕ್ಷರಗಳು ಎ, ಬಿ, ಸಿ ಎಂದು ಸಾಲಾಗಿ ಇಲ್ಲ. ಎಲ್ಲೆಲ್ಲೋ ಬಿದ್ದಿವೆ. ನನ್ನ ಹೆಸರಿನ ಒಂದೊಂದು ಅಕ್ಷರಕ್ಕೂ ಇಡೀ ಕೀಬೋರ್ಡ್ ಹುಡುಕಬೇಕು. ನನ್ನ ಹೆಸರು, ಅಪ್ಪನ ಹೆಸರು, ಫೋನ್ ನಂಬರ್ ಹೊಡೆಯುವಷ್ಟರಲ್ಲಿ ಹದಿನೆಂಟು ನಿಮಿಷ ಹೋಯಿತು.

ಆಮೇಲೆ ಪರದೆ ಮೇಲೆ ಓಟಿಪಿ ಹಾಕಿ ಎಂದು ಬಂತು. ಓಟಿಪಿ ಕಂಪ್ಯೂಟರಿನಲ್ಲೇ ಬರುತ್ತದೆ ಅಂದುಕೊಂಡೆ. ಕೈಕಟ್ಟಿ ಕಾದೆ. ಬಂದಾಗ ಹಾಕೋಣ ಎಂದು ಕಾದೇ ಕಾದೆ.

"ಟೈಮ್ ಆಯ್ತಪ್ಪಾ, ಏಳು," ಎಂದರು ಮೇಡಂ.

"ಓಟಿಪಿ ಬಂದೇ ಇಲ್ಲ ಮೇಡಂ."

ಅವರು ಟ್ರೇ ಕಡೆ ನೋಡಿದರು. ನನ್ನ ಫೋನಿನಲ್ಲಿ ಮೆಸೇಜು ಬಂದು ಕೂತಿತ್ತು. ಅದರ ಅವಧಿ ಮುಗಿದಿತ್ತು.

ನನಗೆ ತಲೆ ಕೆಟ್ಟಿತು. "ಫೋನ್ ಟ್ರೇನಲ್ ಇಡು ಅಂತ ನೀವೇ ಅಂತೀರಾ. ಓಟಿಪಿ ಫೋನಿಗೇ ಬರುತ್ತೆ. ಇದೆಂಥಾ ರೂಲ್ಸು ಮೇಡಂ? ನೀವೇ ಹೊಡ್ದುಕೊಡಿ ಅತ್ಲಾಗೆ. ನಾಳೆ ಸಾಯಂಕಾಲದೊಳಗೆ ಕಾಗ್ದ ಕೊಡ್ಲಿಲ್ಲಾಂದ್ರೆ ನನ್ ಕೆಲ್ಸ ಹೋಯ್ತದೆ."

ಮೇಡಂ ರೇಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಹೋದ ವರ್ಷ ಒಂದ್ ಹುಡುಗಿ ಕಾಲೇಜಿಗೆ ಅರ್ಜಿ ಹಾಕೋಕೆ ಬಂದ್ಲು. ಪಕ್ಕದಲ್ಲಿದ್ದೋನು ಸಹಾಯ ಮಾಡ್ತೀನಿ ಅಂತ ಅವಳ ಪಾಸ್‌ವರ್ಡ್ ಹೊಡ್ದ. ಆಮೇಲೆ ಅವನೇ ಒಳಗೆ ಹೋಗಿ ಅವಳ ಕಾಲೇಜ್ ಬದಲಾಯಿಸಿದ. ತಮಾಷೆಗಂತೆ. ಆ ಹುಡುಗಿ ಇಲ್ಲೇ ಕೂತು ಅತ್ಲು. ಅವತ್ತಿಂದ ಬೇರೆಯೋರ ಕೀಬೋರ್ಡ್ ನಾನೂ ಮುಟ್ಟಲ್ಲ."

 ನನ್ನ ಲೈಸೆನ್ಸೂ ಹಾಗೇ ಹೋಗಿತ್ತಲ್ಲ.

"ಆದ್ರೆ ಫೋನಿನ ವಿಷಯ ನೀನ್ ಹೇಳಿದ್ದು ಸರಿ," ಎಂದರು. ಸ್ಕೆಚ್ ಪೆನ್ನು ತೆಗೆದುಕೊಂಡು ಗೋಡೆಗೆ ಹೋಗಿ, ಆ ನಿಯಮದ ಕೆಳಗೆ ಒಂದು ಸಾಲು ಸೇರಿಸಿದರು: ಓಟಿಪಿ ಬೇಕಾದವರು ಮೊದಲೇ ಹೇಳಿ ಫೋನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ನಾನು ಬೈದದ್ದಕ್ಕೆ ಗೋಡೆ ಮೇಲಿನ ಬರಹ ಬದಲಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅದಿರ್ಲಿ, ನಿನ್ ಕೈ ನಿಧಾನ. ಅದಕ್ಕೇನ್ ಮಾಡ್ತೀಯಾ?" ಎಂದು ಕೇಳಿದರು.

ಕೀಬೋರ್ಡ್ ನೋಡಿ ಬರೆದುಕೊಳ್ಳಬಾರದು ಎಂದು ಗೋಡೆ ಮೇಲೆ ಎಲ್ಲೂ ಇರಲಿಲ್ಲ. ಮೇಡಂ ಹಳೇ ಕ್ಯಾಲೆಂಡರಿನ ಹಾಳೆ ಕೊಟ್ಟರು. ಖಾಲಿಯಾದ ಕಂಪ್ಯೂಟರಿನ ಪಕ್ಕ ನಿಂತು, ಹಾಳೆಯ ಹಿಂಬದಿಯಲ್ಲಿ ಮನೆಗಳನ್ನು ಎಳೆದು ಒಂದೊಂದರಲ್ಲೂ ಅಕ್ಷರ ತುಂಬಿದೆ. ಅರ್ಜಿಯಲ್ಲಿ ಏನೇನು ಕೇಳುತ್ತದೆ ಎಂಬುದನ್ನೂ ಮೇಡಂ ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ.

ಸಂಜೆ ಜಗಲಿ ಮೇಲೆ ಆ ಹಾಳೆ ಹಾಸಿಕೊಂಡು ಕೂತೆ. ಹೆಸರು ಹತ್ತು ಸಲ, ಅಪ್ಪನ ಹೆಸರು ಹತ್ತು ಸಲ, ಊರು, ಹೋಬಳಿ, ತಾಲ್ಲೂಕು. ಬರೀ ಕಾಗದ, ಒತ್ತಿದರೆ ಏನೂ ಆಗುವುದಿಲ್ಲ. ಅವ್ವ ಸೊಪ್ಪು ಬಿಡಿಸುತ್ತಾ ನೋಡಿದಳು.

"ಏನ್ಲಾ ಅದು, ಚೌಕಾಬಾರ ಆಡ್ತಿದ್ದೀಯಾ ಒಬ್ನೇ?"

"ಟೈಪಿಂಗ್ ಕಣವ್ವಾ."

"ಸಾಲೆಗೆ ಹೋಗು ಅಂದಾಗ ಮಾವಿನ ತೋಪಿಗೆ ಓಡೋಗ್ತಿದ್ದೆ. ಈವಾಗ ಕಾಗ್ದ ಕುಟ್ತಾ ಕೂತವ್ನೆ!" ಎಂದಳು. ಆದರೂ ಸೊಪ್ಪಿನ ಮೊರವನ್ನು ಆಚೆ ಸರಿಸಿ ಜಾಗ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ, "ನನ್ ಹೆಸ್ರು ಎಲ್ಲೈತೆ ಅದ್ರಲ್ಲಿ?" ಎಂದು ಕೇಳಿದಳು. ಒತ್ತಿ ತೋರಿಸಿದೆ. ಇಷ್ಟ್ ದೂರ ದೂರ ಐತಾ ಎಂದು ಬೇಜಾರು ಮಾಡಿಕೊಂಡಳು.

ಶುಕ್ರವಾರವೂ ಪಾಲಿಹೌಸಿಗೆ ರಜೆ ಹೇಳಿ ಹೋದೆ. ಪುಸ್ತಕದಲ್ಲಿ ಮೂರನೇ ಹೆಸರು ನನ್ನದು. ನಾಲ್ಕನೆಯದು ಪಕ್ಕದ ಹಳ್ಳಿಯ ಒಬ್ಬ ತಾತನದು. ತಮ್ಮಂದಿರ ಜೊತೆ ಜಮೀನು ಭಾಗವಾಗಿ, ಅವನ ಪಾಲಿನ ಪಹಣಿಯಲ್ಲಿ ಅವನ ಹೆಸರು ಬಂದಿದೆಯೋ ಇಲ್ಲವೋ ನೋಡಬೇಕಾಗಿತ್ತು. ಒಂದು ಕಂಪ್ಯೂಟರ್ ಆ ದಿನ ಕೆಟ್ಟಿತ್ತು. ಎಲ್ಲರಿಗೂ ಒಂದೇ.

ನನ್ನ ಸರದಿ ಬಂತು. ಓಟಿಪಿಗೆ ಎಂದು ಹೇಳಿ ಫೋನನ್ನು ಪಕ್ಕದಲ್ಲಿಟ್ಟುಕೊಂಡೆ. ಈ ಸಲ ಬೆರಳಿಗೆ ದಾರಿ ಗೊತ್ತಿತ್ತು. ಹೆಸರು ಸರಾಗವಾಗಿ ಬಂತು. ಓಟಿಪಿ ಬಂತು, ಹಾಕಿದೆ. ಪಾಸ್‌ವರ್ಡ್ ಕೇಳಿತು, ಹಾಕಿದೆ. ಮೊದಲ ಪುಟ ಮುಗಿಯಿತು, ಎರಡನೇ ಪುಟವೂ ಮುಗಿಯಿತು. ಕೊನೆಯದು ಫೋಟೊ ಮತ್ತು ಆಧಾರ್. ಅವನ್ನು ಸ್ಕ್ಯಾನ್ ಮಾಡುವುದು ಮೇಡಂ ಕೆಲಸ, ಮಾಡಿಟ್ಟಿದ್ದರು. ಒತ್ತಿದೆ. ಫೋಟೊ ದೊಡ್ಡದಾಗಿದೆ ಎಂದು ಬಂತು. ಮೇಡಂ ಚಿಕ್ಕದು ಮಾಡಿಕೊಟ್ಟರು. ಮತ್ತೆ ಒತ್ತಿದೆ. ಪರದೆ ಮೇಲೆ ಒಂದು ಚಕ್ರ ತಿರುಗಲು ಶುರುವಾಯಿತು. ತಿರುಗುತ್ತಲೇ ಇತ್ತು.

"ಟೈಮ್ ಆಯ್ತು," ಎಂದರು ಮೇಡಂ. ಈ ಸಲ ಅವರ ದನಿ ಚಿಕ್ಕದಾಗಿತ್ತು.

"ಇದೊಂದೇ ಬಾಕಿ ಮೇಡಂ. ಈಗ ಎದ್ರೆ ಎಲ್ಲಾ ಅಳ್ಸೋಗುತ್ತೆ."

"ನಿಂಗೆ ಬಿಟ್ರೆ ನಾಳೆ ಎಲ್ರಿಗೂ ಬಿಡ್ಬೇಕು. ಮುಂದಿನ ಸರದಿ ತಾತಂದು. ಅವರನ್ನ ಕೇಳು."

ನನಗೆ ಬೇಡಿಕೊಂಡು ಅಭ್ಯಾಸವಿಲ್ಲ. ತಿರುಗಿ ನೋಡಿದೆ, ಅಷ್ಟೇ. ತಾತ ಬೆಂಚಿನ ಮೇಲೆ ಟವೆಲ್ಲು ಕೊಡವುತ್ತಿದ್ದ.

"ಎಷ್ಟ್ ಹೊತ್ ಬೇಕ್ಲಾ ಮಗ?"

"ಗೊತ್ತಿಲ್ಲ ತಾತ. ಅದು ತಿರುಗ್ತಾ ಐತೆ."

"ತಿರುಗ್ಲಿ ಬಿಡು. ಮೂರು ತಿಂಗ್ಳಿಂದ ನನ್ ಹೆಸ್ರು ತಾಲ್ಲೂಕಾಫೀಸಲ್ಲಿ ತಿರುಗ್ತಾನೇ ಐತೆ. ಕೂತ್ಕೊ."

"ನೀವ್ ಬಿಟ್ಕೊಟ್ರೆ ನಿಮ್ ಹೆಸರು ಹೊಡ್ದ್ಹಾಕಿ ಕೊನೇಲಿ ಬರೀಬೇಕಾಗುತ್ತೆ. ನಿಮ್ ಹಿಂದೆ ಇರೋರು ಮುಂದೆ ಬರ್ತಾರೆ," ಎಂದರು ಮೇಡಂ.

"ಬರೀರಿ ತಾಯಿ. ಮನೆಗೋದ್ರೆ ನಮ್ಮೋಳು ಕೆಲ್ಸ ಹೇಳ್ತಾಳೆ. ಇಲ್ಲಿ ಫ್ಯಾನಾದ್ರೂ ಐತೆ."

ಮೇಡಂ ತಾತನ ಹೆಸರಿನ ಮೇಲೆ ಗೆರೆ ಎಳೆದರು. ಕೊನೆಯಲ್ಲಿ, ಒಂಬತ್ತನೇ ಸಾಲಿನಲ್ಲಿ ಬರೆದು ಅವನ ಸಹಿ ಹಾಕಿಸಿದರು. ಅವನು ಬಿಟ್ಟ ಸಾಲಿನಲ್ಲಿ ನನ್ನ ಹೆಸರು ಬರೆದರು. ಚಕ್ರ ಇನ್ನೂ ತಿರುಗುತ್ತಿತ್ತು. ಹಿಂದಿನ ಬೆಂಚಿನವರೆಲ್ಲ ಎದ್ದು ಬಂದು, ಕೀಬೋರ್ಡ್ ಮುಟ್ಟದಷ್ಟು ದೂರದಲ್ಲಿ ನಿಂತು ನೋಡತೊಡಗಿದರು. ಆರೇಳು ನಿಮಿಷವಾದ ಮೇಲೆ ನನ್ನ ಫೋಟೊ ಪರದೆ ಮೇಲೆ ಬಂತು.

"ಕಳ್ಳನ್ ಥರಾನೇ ಇದ್ದೀಯಲ್ಲೋ," ಎಂದ ಯಾರೋ ಒಬ್ಬ.

"ಅದಕ್ಕೇ ಪೊಲೀಸ್ನೋರ್ನ ಕೇಳ್ತಿರೋದು," ಎಂದ ತಾತ. ಎಲ್ಲರೂ ನಕ್ಕರು. ನಾನು ಕೊನೆಯ ಬಟನ್ ಒತ್ತಿದೆ. ಅರ್ಜಿ ಸ್ವೀಕರಿಸಲಾಗಿದೆ ಎಂದು ಬಂತು, ಕೆಳಗೆ ಒಂದು ಉದ್ದನೆಯ ನಂಬರ್. ಪ್ರಿಂಟ್ ಹೊರಗೆ ಬಂದಾಗ ಕಾಗದ ಬಿಸಿಯಾಗಿತ್ತು.

ನಾನು ತಕ್ಷಣ ಹೋಗಲಿಲ್ಲ. ತಾತನ ಒಂಬತ್ತನೇ ಸರದಿ ಬರುವ ತನಕ ಕೂತೆ. ಸಾಯಂಕಾಲದವರೆಗೂ ಸಮಯವಿತ್ತು. ಅವನ ಸರದಿ ಬಂದಾಗ ಮೇಡಂ ನನ್ನ ಕಡೆ ಬೆರಳು ತೋರಿಸಿ, "ಮುಟ್ಟೋಹಾಗಿಲ್ಲ. ಬಾಯಲ್ಲಿ ಹೇಳ್ಬಹುದು," ಎಂದರು. ನಾನು ಕೈ ಹಿಂದೆ ಕಟ್ಟಿಕೊಂಡು ಹಿಂದೆ ನಿಂತೆ. ಮೇಲಿನ ಸಾಲು ತಾತ, ಎಡಗಡೆ ತಾತ, ಇನ್ನೂ ಎಡಗಡೆ, ಅದಲ್ಲ, ಅದರ ಪಕ್ಕದ್ದು. ಅವನು ತೋರುಬೆರಳಿನಿಂದ ರಾಗಿಕಾಳು ಆರಿಸುವ ಹಾಗೆ ಒಂದೊಂದೇ ಒತ್ತಿದ. ಸರ್ವೆ ನಂಬರ್ ಹಾಕಿದ. ಪಹಣಿ ತೆರೆದುಕೊಂಡಿತು. ಅವನ ಹೆಸರು ಬಂದಿತ್ತು. ಅವನು ಅದನ್ನು ಮೂರು ಸಲ ಓದಿದ. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಜೋರಾಗಿಯೇ ಇತ್ತು.

ಐದು ಗಂಟೆಗೆ ಪಾಲಿಹೌಸಿನ ಗೇಟಿನಲ್ಲಿ ವ್ಯಾನು ಬಂತು. ಕಾಗದ ಕೊಟ್ಟೆ. ಮೇಸ್ತ್ರಿ ನಂಬರ್ ನೋಡಿದ, ಫೋನ್ ನಂಬರ್ ನೋಡಿದ.

"ಯಾರ್ ಹಾಕ್ಕೊಟ್ರು?"

"ನಾನೇ."

"ನೀನಾ?"

"ನಾನೇ ಅಂದ್ನಲ್ಲ."

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. "ಸ್ಟೇಷನ್ನಿಂದ ಮನೆಗೆ ಬರ್ತಾರೆ. ಊರು ಬಿಟ್ಟು ಎಲ್ಲೂ ಹೋಗ್ಬೇಡ," ಎಂದ.

ಕೆಲವು ದಿನಗಳಾದ ಮೇಲೆ ಪೊಲೀಸ್ನವರು ಒಬ್ಬರು ಬೈಕಿನಲ್ಲಿ ಬಂದರು. ಅಕ್ಕಪಕ್ಕದ ಎರಡು ಮನೆಯವರನ್ನು ಕೇಳಿದರು. ನಮ್ಮ ಜಗಲಿ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಲೋಟ ಕೆಳಗಿಟ್ಟು, "ಹೆಂಗಮ್ಮಾ ನಿನ್ ಮಗ? ಜಗಳ ಗಿಗಳ ಏನಾದ್ರೂ?" ಎಂದು ಕೇಳಿದರು.

"ಬಾಯಿ ಜೋರು ಸ್ವಾಮಿ. ಕೈ ಸುದ್ದ," ಎಂದಳು ಅವ್ವ.

ಅವರು ನಕ್ಕು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಮುಂದಿನ ತಿಂಗಳ ಮೊದಲ ಸೋಮವಾರ, ಗುಲಾಬಿ ಡಬ್ಬಗಳ ಪಕ್ಕದಲ್ಲೇ ಕೂತು ನಾನು ಪಾಸ್ ತೋರಿಸಿ ಸರಕಿನ ಶೆಡ್ಡಿನ ಗೇಟು ದಾಟಿ ಒಳಗೆ ಹೋದೆ.