ಹ್ಯಾಂಡ್‌ಬ್ರೇಕ್ ಹಾಕಿದ್ರಾ?

ಯಜಮಾನರು ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವರು. ಡಿಪೋದಲ್ಲಿ ಅವರಿಗಿದ್ದ ಅಡ್ಡಹೆಸರು ‘ಗಟ್ಟಿಗೈ’. ಆಳು ನೋಡಿದರೆ ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದರು. ಆದರೆ ಅವರು ಎಳೆದಿಟ್ಟ ಹ್ಯಾಂಡ್‌ಬ್ರೇಕನ್ನು ಇಳಿಸಬೇಕಾದರೆ ಮುಂದಿನ ಪಾಳಿಯ ಡ್ರೈವರು ಎರಡೂ ಕೈ ಹಾಕಿ, ಜೊತೆಗೆ ಎರಡು ಬೈಗುಳವನ್ನೂ ಹಾಕಬೇಕಾಗುತ್ತಿತ್ತು.

ಆ ಕೈ ಅಷ್ಟು ಗಟ್ಟಿಯಾಗಲು ಕಾರಣ ಒಬ್ಬ ಹೆಂಗಸು. ಯಜಮಾನರು ಕೆಲಸಕ್ಕೆ ಸೇರಿದ ಮೂರನೇ ವರ್ಷ ಅವರ ಬಸ್ಸಿಗೆ ಹೊಸ ಕಂಡಕ್ಟರ್ ಬಂದರು. ಮೊದಲ ದಿನ, ಮೊದಲ ಟ್ರಿಪ್ಪು. ಕೊನೆಯ ನಿಲ್ದಾಣ ಇದ್ದದ್ದು ಇಳಿಜಾರಿನಲ್ಲಿ. ಜನರೆಲ್ಲ ಇಳಿದ ಮೇಲೆ ಆಕೆ ಟಿಕೆಟ್ ಚೀಲವನ್ನು ಕಂಕುಳಿಗೆ ಏರಿಸಿಕೊಂಡು, ಬಾಗಿಲಲ್ಲೇ ನಿಂತು ಕೇಳಿದರು: “ಹ್ಯಾಂಡ್‌ಬ್ರೇಕ್ ಹಾಕಿದ್ರಾ?”

ಯಜಮಾನರಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು ತನ್ನನ್ನು ಈ ಮಾತು ಕೇಳುವುದೇ? ಬ್ರೇಕ್ ಆಗಲೇ ಹಾಕಿದ್ದರೂ ಅದನ್ನು ಇಳಿಸಿ, ಆಕೆಯ ಕಿವಿಗೆ ಬೀಳಲಿ ಎಂದೇ ಕರಕರಕರ ಎಂದು ಮತ್ತೆ ಎಳೆದರು. “ಹಾಂ, ಈಗ ಸರಿ” ಎಂದು ಆಕೆ ಇಳಿದುಹೋದರು. ಮುಂದಿನ ಟ್ರಿಪ್ಪಿನಲ್ಲೂ ಇದೇ ಕತೆ. ಆ ಮುನಿಸು ಎಂಟು ತಿಂಗಳು ನಡೆದು ಮದುವೆಯಲ್ಲಿ ಮುಗಿಯಿತು. ಮುನಿಸು ಮುಗಿಯಿತೇ ಹೊರತು ಪ್ರಶ್ನೆ ಮುಗಿಯಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ, ದಿನಕ್ಕೆ ಹದಿನಾಲ್ಕು ಸಲ ಆಕೆ ಕೇಳಿದರು, ಹದಿನಾಲ್ಕು ಸಲ ಇವರು ಎಳೆದರು. ಸದ್ದು ಕೇಳದೆ ಆಕೆ ಒಂದು ದಿನವೂ ಮೆಟ್ಟಿಲಿಳಿದವರಲ್ಲ. ಬೀದಿಯವರಿಗೆ ಆಕೆ ಇಂದಿಗೂ ಕಂಡಕ್ಟರಮ್ಮ.

ಇಬ್ಬರೂ ನಿವೃತ್ತರಾದರು. ಕಂಡಕ್ಟರಮ್ಮನ ಟಿಕೆಟ್ ಚೀಲಕ್ಕೆ ಗುಂಡಿಗಳು, ದಾರದ ಉಂಡೆಗಳು ಸೇರಿಕೊಂಡವು. ಯಜಮಾನರ ಪಾಡು ಮಾತ್ರ ನೋಡುವ ಹಾಗಿರಲಿಲ್ಲ. ಎರಡು ಊಟದ ನಡುವೆ ಮನೆಯೊಳಗೆ ಅಡ್ಡಾಡುತ್ತ, ಯಾರೂ ತೆರೆಯದ ನಲ್ಲಿಗಳನ್ನು ಮುಚ್ಚಿ ಬರುತ್ತಿದ್ದರು. ನಾಲ್ಕು ತಿಂಗಳು ಇದನ್ನು ನೋಡಿದ ಮಗಳು ಒಂದು ದಿನ ತನ್ನ ಪಿಕಪ್ ಗಾಡಿಯ ಕೀಯನ್ನು ಅಪ್ಪನ ಕೈಗಿಟ್ಟಳು. ಅವಳದು ಮನೆಯ ಹಿಂದೆಯೇ ಲಾಂಡ್ರಿ. ಎರಡು ದೊಡ್ಡ ಯಂತ್ರ, ಒಂದು ಒಣಗಿಸುವ ಕೋಣೆ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಸಂಜೆ ಕೊಳೆ ಬಟ್ಟೆ ತರಬೇಕು. ಬೆಳಿಗ್ಗೆ ಏಳಕ್ಕೆ, ಹಾಸಿಗೆ ಬದಲಾಯಿಸುವ ಹೊತ್ತಿಗೆ, ಒಗೆದ ಗಂಟುಗಳು ಆಸ್ಪತ್ರೆಯ ಹಿಂಬಾಗಿಲಲ್ಲಿ ಇರಬೇಕು. ಯಜಮಾನರು ಮರುದಿನವೇ ಗಡ್ಡ ಬೋಳಿಸಿಕೊಂಡು ಆರಕ್ಕೆಲ್ಲ ತಯಾರಾದರು. ನಲ್ಲಿಗಳಿಗೆ ಬಿಡುಗಡೆ ಸಿಕ್ಕಿತು.

ಕಂಡಕ್ಟರಮ್ಮನಿಗೆ ಮಂಡಿನೋವು, ಅಷ್ಟೆತ್ತರದ ಗಾಡಿ ಹತ್ತಲಾಗದು. ಆಕೆ ಅಡುಗೆಮನೆಯಲ್ಲೇ ಉಳಿದರು. ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತಿದ್ದದ್ದು ಗಾಡಿ ನಿಲ್ಲುವ ಅಂಗಳಕ್ಕೆ.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು, ಚಳಿ ಬರುವವರೆಗೆ. ಒಂದು ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಯಜಮಾನರು ಗಾಡಿ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗೇರು ಹಾಕಿದರು. ಇಂಜಿನ್ನು ಗುರುಗುಟ್ಟಿತು, ಗಾಡಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಹಿಂದಿನ ಎರಡೂ ಚಕ್ರ ಹಿಡಿದುಕೊಂಡು ಕೂತಿದ್ದವು. ಬಿಸಿನೀರು ಹುಯ್ದು, ಸುತ್ತಿಗೆಯಲ್ಲಿ ತಟ್ಟಿ, ಅಂತೂ ಹೊರಡುವ ಹೊತ್ತಿಗೆ ಏಳೂ ಮುಕ್ಕಾಲು.

ಮೆಕ್ಯಾನಿಕ್ಕು ಗಾಡಿಯಡಿ ನುಗ್ಗಿ ನೋಡಿ ಎದ್ದುಬಂದ. “ಬಟ್ಟೆ ಒಗೆಯೋ ಅಂಗಳ ಇದು, ದಿನಾ ಗಾಡಿ ಕೆಳಗೆ ನೀರು ಹಾರತ್ತೆ. ಬ್ರೇಕ್ ಕೇಬಲ್ ಒಳಗೆ ನೀರು ಸೇರ್ಕೊಂಡು ರಾತ್ರಿ ಹೆಪ್ಪುಗಟ್ಟತ್ತೆ. ನೀವು ಬಿಟ್ರೂ ಅದು ಬಿಡಲ್ಲ. ಇನ್ನು ಬಿಸಿನೀರು ಹುಯ್ದಿದೀರಲ್ಲ, ನಾಳೆ ಬೆಳಿಗ್ಗೆಗೆ ಅದೂ ಸೇರಿ ಗಡ್ಡೆ!”

“ಈಗೇನು ಮಾಡೋದು?” ಎಂದಳು ಮಗಳು.

“ಹೊಸ ಕೇಬಲ್ ಬರೋಕೆ ತಿಂಗಳಾಗತ್ತೆ. ಅಲ್ಲೀವರೆಗೆ ಹ್ಯಾಂಡ್‌ಬ್ರೇಕ್ ಮುಟ್ಟಲೇಬೇಡಿ. ಗೇರಲ್ಲಿ ನಿಲ್ಸಿ, ಚಕ್ರಕ್ಕೆ ಒಂದು ಮರದ ತುಂಡು ಕೊಡಿ, ಸಾಕು.”

ಇಷ್ಟೇ ಸುಲಭದ ಮಾತು. ಮಗಳು ಹಳೇ ಬಾಗಿಲಿನ ಚೌಕಟ್ಟಿನಿಂದ ಒಂದು ತುಂಡು ಕೊಯ್ದು ಕೊಟ್ಟಳು. ಯಜಮಾನರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಹ್ಯಾಂಡ್‌ಬ್ರೇಕ್ ಮೇಲೆದ್ದು ನಿಂತಿದೆ, ಚಕ್ರ ಹಿಡಿದಿದೆ, ಮರದ ತುಂಡು ಗೋಡೆಗೊರಗಿ ಬಿಸಿಲು ಕಾಯುತ್ತಿದೆ. “ನಾನು ಎಳೆದೇ ಇಲ್ಲ ಕಣೇ” ಎಂದರು ಯಜಮಾನರು. “ಮತ್ತಿನ್ಯಾರು ಎಳೆದ್ರಪ್ಪಾ?” ಎಂದಳು ಮಗಳು. “ಮೆಕ್ಯಾನಿಕ್ಕು ಅಷ್ಟು ಹೇಳಿದ್ದು ಕಿವಿಗೇ ಬೀಳ್ಲಿಲ್ವಾ ನಿಮ್ಗೆ?” ಎಂದು ಕಂಡಕ್ಟರಮ್ಮನೂ ಒಗ್ಗರಣೆ ಹಾಕಿದರು. ಮಗಳು ನೆನಪಿಗಿರಲಿ ಎಂದು ಹಿಡಿಗೆ ಕೆಂಪು ಬಟ್ಟೆ ಕಟ್ಟಿದಳು. ಮರುದಿನ ಕೆಂಪು ಬಟ್ಟೆಯ ಸಮೇತ ಹಿಡಿ ಮೇಲೆದ್ದು ನಿಂತಿತ್ತು.

ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿದರು. ಹಾಸಿಗೆಗಳು ಬಟ್ಟೆಯಿಲ್ಲದೆ ಬಿದ್ದಿವೆ, ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಮಗಳು ಫೋನಿಟ್ಟು, ಅಪ್ಪನ ಮುಖ ನೋಡದೆ ಹೇಳಿದಳು: “ಇನ್ನೊಂದು ಸಲ ಹೀಗಾದ್ರೆ ಕೀ ನನಗೆ ಕೊಟ್ಬಿಡಪ್ಪಾ. ನಿನ್ನ ಬೈತಿಲ್ಲ. ನನ್ನ ಕೈಲಿ ಆಗ್ತಿಲ್ಲ.”

ಬೈದಿದ್ದರೆ ಯಜಮಾನರು ತಡೆದುಕೊಳ್ಳುತ್ತಿದ್ದರು. ಹೀಗೆ ಮೆತ್ತಗೆ ಹೇಳಿದ್ದು ಎದೆಗೆ ನಾಟಿತು. ತನಗೆ ಅರಳುಮರಳಾಯಿತೇನೋ ಎಂದು ಅವರಿಗೆ ನಿಜವಾಗಿ ಭಯವಾಯಿತು. ಕೀ ಹೋದರೆ ಉಳಿಯುವುದು ಮತ್ತೆ ಅದೇ ನಲ್ಲಿಗಳು.

ಆ ದಿನವೇ ಕಂಡಕ್ಟರಮ್ಮ ತಮ್ಮ ಅಕ್ಕನ ಮನೆಗೆ ಹೋಗಿ ಒಂದು ರಾತ್ರಿ ಉಳಿದರು. ಮರುದಿನದ ಚಳಿ ಆ ವರ್ಷದಲ್ಲೇ ಹೆಚ್ಚು. ಯಜಮಾನರು ಉಸಿರು ಬಿಗಿಹಿಡಿದು ಗೇರು ಹಾಕಿದರೆ ಗಾಡಿ ಬೆಣ್ಣೆಯಂತೆ ಜಾರಿ ಮುಂದೆ ಹೋಯಿತು. ಹ್ಯಾಂಡ್‌ಬ್ರೇಕ್ ಕೆಳಗೇ ಇತ್ತು. ಮರದ ತುಂಡು ಚಕ್ರದಡಿಯಲ್ಲೇ ಇತ್ತು. ಏಳಕ್ಕೆ ಹತ್ತು ನಿಮಿಷವಿರುವಾಗಲೇ ಗಂಟುಗಳು ಆಸ್ಪತ್ರೆ ಸೇರಿದವು. ಸಿಸ್ಟರ್ ಗಡಿಯಾರವನ್ನೂ ಅವರನ್ನೂ ಎರಡೆರಡು ಸಲ ನೋಡಿದರು.

ಗುಟ್ಟು ಬಯಲಾದದ್ದು ಅಂದು ಸಂಜೆ. ಗಾಡಿ ಅಂಗಳಕ್ಕೆ ಬಂತು. ಹಿಂದೆ ಯಂತ್ರಗಳ ಗದ್ದಲದಲ್ಲಿ ಮಗಳಿಗೆ ಏನೂ ಕೇಳುವಂತಿರಲಿಲ್ಲ. ಯಜಮಾನರು ಗೇರಿಗೆ ಹಾಕಿ ಇಂಜಿನ್ ನಿಲ್ಲಿಸಿದರು. ಅಕ್ಕನ ಮನೆಯಿಂದ ಮರಳಿದ್ದ ಕಂಡಕ್ಟರಮ್ಮ ಒಲೆಯ ಮುಂದೆ ಇದ್ದರು. ಇಂಜಿನ್ ಸದ್ದು ನಿಂತದ್ದೇ ತಡ, ಬೆನ್ನು ತಿರುಗಿಸದೆ, ಕೈಯ ಕೆಲಸ ಬಿಡದೆ, ತಮಗೇ ಅರಿವಿಲ್ಲದೆ ಅಂದರು: “ಹ್ಯಾಂಡ್‌ಬ್ರೇಕ್ ಹಾಕಿದ್ರಾ?”

ಕರಕರಕರ.

ಯಜಮಾನರು ತಮ್ಮ ಎಡಗೈಯನ್ನು ಜೇಬುಗಳ್ಳನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅರಳುಮರಳಲ್ಲ, ಏನೂ ಅಲ್ಲ! ಇಪ್ಪತ್ತಾರು ವರ್ಷ ಆ ಮಾತಿಗೆ ಪಳಗಿದ ಕೈ ಅದು, ಯಜಮಾನನ ಅಪ್ಪಣೆಗೆ ಎಲ್ಲಿ ಕಾಯುತ್ತದೆ?

ಹಾಗಾದರೆ ಹೆಂಡತಿಗೆ ‘ಇನ್ನು ಕೇಳಬೇಡ’ ಅಂದುಬಿಟ್ಟರೆ ಮುಗಿಯಿತಲ್ಲ ಎನ್ನುತ್ತೀರಿ. ಯಜಮಾನರೂ ಹಾಗೇ ಅಂದುಕೊಂಡು ಒಳಗೆ ಹೋದರು. ಆಕೆ ಮಂಡಿ ಹಿಡಿದುಕೊಂಡು ಎದ್ದು ಚಹಾ ಬಗ್ಗಿಸಿದರು. ಗೂಡಿನಲ್ಲಿ ಗುಂಡಿ ತುಂಬಿದ ಟಿಕೆಟ್ ಚೀಲ ಕಾಣಿಸಿತು. ಆ ಕೆಲಸದಲ್ಲಿ ಆಕೆಗೆ ಉಳಿದಿರುವುದು ಈ ಒಂದು ಮಾತು, ಅದೂ ಆಕೆಗೆ ಗೊತ್ತಿಲ್ಲದೆ ಉಳಿದಿರುವುದು. ಅದನ್ನು ಕಿತ್ತುಕೊಳ್ಳಲು ಅವರಿಗೆ ಬಾಯಿ ಬರಲಿಲ್ಲ. ಸದ್ದಿಲ್ಲದೆ ಹೊರಗೆ ಹೋಗಿ ಬ್ರೇಕ್ ಇಳಿಸಿ, ಮರದ ತುಂಡು ಕೊಟ್ಟು ಬಂದರು. ಬಂದು ಕೂತು ಎತ್ತಿಕೊಂಡ ಚಹಾ ಲೋಟವನ್ನು ಹಾಗೇ ಕೆಳಗಿಟ್ಟರು. ಸದ್ದು ಕೇಳಿ ನಂಬಿದ ಕಂಡಕ್ಟರಿಗೆ ಮೋಸ ಮಾಡಿದ ಹಾಗಾಯಿತಲ್ಲ! ಎದ್ದು ಹೋದರು, ಮತ್ತೆ ಎಳೆದರು. ಇಂಥ ಮನುಷ್ಯನಿಗೆ ಏನು ಹೇಳುವುದು?

ಬೆಳಿಗ್ಗೆ ಚಕ್ರ ಹಿಡಿದಿತ್ತು. ಪಕ್ಕದ ಬೇಕರಿಯವರ ವ್ಯಾನಿಗೆ ಗಂಟು ತುಂಬಿಸಿ ಮಗಳು ಹೇಗೋ ಮಾನ ಉಳಿಸಿಕೊಂಡಳು. ಅವಳು ಬರುವ ಹೊತ್ತಿಗೆ ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. “ಇನ್ಮೇಲೆ ನೀನೇ ಓಡ್ಸು ಮಗಳೇ” ಎಂದರು ಯಜಮಾನರು.

ಅಂದು ಸಂಜೆ ಮಗಳು ಗಾಡಿ ಒಯ್ದಳು. ಯಜಮಾನರಿಗೆ ಅಡುಗೆಮನೆಯ ಸ್ಟೂಲಿನ ಮೇಲೆ ದಿಂಬಿನ ಚೀಲ ಮಡಿಸುವ ಕೆಲಸ. ಮಡಿಕೆಗಳು ಒಂದೊಂದೂ ಒಂದೊಂದು ದಿಕ್ಕಿಗಿದ್ದವು. ಅಂಗಳಕ್ಕೆ ಗಾಡಿ ಬಂತು, ಇಂಜಿನ್ ನಿಂತಿತು. ಒಲೆಯ ಕಡೆ ಮುಖ ಮಾಡಿದ್ದ ಕಂಡಕ್ಟರಮ್ಮನ ಬಾಯಿಂದ ಮಾತು ತಾನಾಗಿ ಬಂತು:

“ಹ್ಯಾಂಡ್‌ಬ್ರೇಕ್ ಹಾಕಿದ್ರಾ?”

ಸದ್ದು ಬರಲಿಲ್ಲ. ಆಕೆ ತಿರುಗಿ ನೋಡಿದರು. ಯಜಮಾನರ ಎಡಗೈ ಸ್ಟೂಲಿನ ಪಕ್ಕಕ್ಕೆ ಇಳಿದು, ಇಲ್ಲದ ಹಿಡಿಯನ್ನು ಹಿಡಿದು, ಬಿಗಿಯಾಗಿ ಮೇಲಕ್ಕೆ ಎಳೆದು ನಿಂತಿತ್ತು.

ಒಂದು ಗಳಿಗೆ ಇಬ್ಬರೂ ಆ ಕೈಯನ್ನೇ ನೋಡಿದರು.

“ಅಯ್ಯೋ ದೇವ್ರೇ. ಇಷ್ಟು ದಿನ ನಾನಾ?”

“ಜೋಮು ಹಿಡಿದಿತ್ತು ಕೈಗೆ” ಎಂದರು ಯಜಮಾನರು.

“ಸುಳ್ಳು ಹೇಳ್ಬೇಡಿ. ನಿಮ್ಗೆ ಗೊತ್ತಿತ್ತು. ಗೊತ್ತಿದ್ದೂ ಕೀ ಬಿಟ್ಕೊಟ್ರಾ? ಒಂದು ಮಾತು ಹೇಳೋಕೆ ಏನಾಗಿತ್ತು?”

ಯಜಮಾನರು ದಿಂಬಿನ ಚೀಲದ ಅಂಚು ತೀಡಿದರು. “ಹೇಳಿದ್ರೆ ನೀನು ಕೇಳೋದು ಬಿಡ್ತಿದ್ದೆ. ನೀನು ಕೇಳ್ದೆ ಇದ್ರೆ ನನಗೆ ಗಾಡಿ ನಿಲ್ಸಿದ ಹಾಗೇ ಅನ್ಸಲ್ಲ ಕಣೇ.”

ಕಂಡಕ್ಟರಮ್ಮ ಕೈಗೆ ಸಿಕ್ಕ ಬಟ್ಟೆಯಿಂದ ಕಣ್ಣೊರೆಸಿಕೊಂಡರು. “ಆಸ್ಪತ್ರೇದು ಅದು, ಮತ್ತೆ ಒಗೀಬೇಕು” ಎಂದರು ಯಜಮಾನರು.

ಒಳಗೆ ಬಂದ ಮಗಳ ಕೈಯಿಂದ ಕಂಡಕ್ಟರಮ್ಮ ಕೀ ಕಸಿದುಕೊಂಡು ಗಂಡನ ಮಡಿಲಿಗೆ ಹಾಕಿದರು. “ತಪ್ಪು ಡ್ರೈವರ್ದಲ್ಲ ಕಣೇ, ಕಂಡಕ್ಟರ್ದು. ನಾಳೆಯಿಂದ ಸರಿಹೋಗತ್ತೆ.”

ಮರುದಿನ ಸಂಜೆ ಯಜಮಾನರು ಗಾಡಿ ತಂದು ನಿಲ್ಲಿಸಿದರು. ಗೇರಿಗೆ ಹಾಕಿದರು, ಇಂಜಿನ್ ಆರಿಸಿದರು. ಕಿಟಕಿಯಿಂದ ಮಾತು ಬರಲಿಲ್ಲ. ಏನೋ ಮರೆತವರ ಹಾಗೆ ಸೀಟಿನಲ್ಲೇ ಕೂತರು. ಕಿಟಕಿಯಾಚೆ ಕಂಡಕ್ಟರಮ್ಮ ಬಾಯಿ ತೆರೆದದ್ದು, ತುಟಿಗೆ ಬಂದದ್ದನ್ನು ನುಂಗಿಕೊಂಡದ್ದು ಕಾಣಿಸಿತು. ಇದಕ್ಕಿಂತ ಕೀ ಬಿಟ್ಟುಕೊಟ್ಟದ್ದೇ ವಾಸಿಯಿತ್ತು ಅನ್ನಿಸಿತು.

ಆಗ ಕಿಟಕಿಯಿಂದ ಹೊಸ ಪ್ರಶ್ನೆ ಬಂತು.

“ಮರದ ತುಂಡು ಕೊಟ್ರಾ?”

ಹಿಡಿಯ ಕಡೆಗೆ ಹೊರಟಿದ್ದ ಎಡಗೈ ಅರ್ಧದಲ್ಲೇ ನಿಂತಿತು. ಬಲಗೈ ಬಾಗಿಲು ತೆರೆಯಿತು. ಯಜಮಾನರು ಇಳಿದು, ತುಂಡು ತಂದು, ಚಕ್ರದಡಿ ಇಟ್ಟು ಕಾಲಲ್ಲಿ ಒದ್ದರು.

“ಸದ್ದು ಕೇಳ್ಲಿಲ್ಲ” ಎಂದರು ಕಂಡಕ್ಟರಮ್ಮ.

ಯಜಮಾನರು ಇನ್ನೂ ಎರಡು ಸಲ, ಇಡೀ ಬೀದಿಗೆ ಕೇಳುವ ಹಾಗೆ ಒದ್ದರು.

“ಹಾಂ, ಈಗ ಸರಿ” ಎಂದು ಕಂಡಕ್ಟರಮ್ಮ ಕಿಟಕಿ ಮುಚ್ಚಿದರು.