ಕಾಕು ಹೇಳುತ್ತಿದ್ದ ಸಸ್ಪೆನ್ಸ್ ಸಿನಿಮಾ

ರೊಟ್ಟಿ ಬಡಿಯುವ ಸದ್ದು ಎಲ್ಲಿಯಾದರೂ ಥಟ್ಟನೆ ನಿಂತರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಅನಗವಾಡಿಯ ನಮ್ಮ ಅಡುಗೆಮನೆ, ಒಲೆಯ ಹೊಗೆ, ಹಂಚಿನ ಮೇಲೆ ಸೀದ ಜೋಳದ ಹಿಟ್ಟಿನ ವಾಸನೆ, ಒಲೆಯ ಮುಂದೆ ಕೂತ ಕಾಕು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ತವರೂರು ಜಮಖಂಡಿಗೆ ಹೋದಾಗಲೆಲ್ಲ ಒಂದು ಸಸ್ಪೆನ್ಸ್ ಸಿನಿಮಾ ನೋಡಿಕೊಂಡು ಬಂದು ನಮಗೆ ಹೇಳುತ್ತಿದ್ದಳು. ಹೇಳುವ ಆ ಗತ್ತು ಏನೆನ್ನಲಿ! ಕೊಲೆಗಾರ ಯಾರೆಂದು ನಮಗೆ ಮೊದಲೇ ತಿಳಿಸಿಬಿಡುವಳು. ಪಾಪ, ಸಿನಿಮಾದ ಹುಡುಗಿಗೆ ಮಾತ್ರ ಗೊತ್ತಿಲ್ಲ. ಅವಳು ಅವನಿಗೇ ಚಹಾ ಮಾಡಿಕೊಡುವಾಗ ನಾವು ಬೇಡ ಬೇಡ ಎಂದು ಚೀರುತ್ತಿದ್ದೆವು. ರೊಟ್ಟಿಯ ಬಡಿತವೇ ಅವನ ಹೆಜ್ಜೆ ಸಪ್ಪಳ. ಅದು ನಿಧಾನವಾಗುವುದು, ನಿಲ್ಲುವುದು. ಕದ ಸರಿಯಿತು ಎನ್ನುವಾಗ ಒಂದು ಬೆಕ್ಕು ಹಾರುವುದು! ನಾವು ನಕ್ಕು ಹಗುರಾದ ಮರುಕ್ಷಣವೇ ಕೊಲೆಗಾರ ಎದುರಿಗೆ. ಮುಂದೆ ನಾನೂ ಟಾಕೀಸಿನಲ್ಲಿ ಎಷ್ಟೋ ನೋಡಿದೆ, ಕಾಕುವಿನಷ್ಟು ಯಾವ ಪರದೆಯೂ ಹೆದರಿಸಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವಳು, ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ನಮ್ಮ ಅಜ್ಜಿ. ಅವಳನ್ನು ಆಯಿ ಎನ್ನುತ್ತಿದ್ದೆವು.

ಆಲಮಟ್ಟಿಯ ಹಿನ್ನೀರು ನಮ್ಮ ಓಣಿಗೂ ಬರುತ್ತದೆಂದು ಖಾತ್ರಿಯಾದಾಗ ಮನೆ ಬಿಡಬೇಕಾಯಿತು. ಸಾಮಾನೆಲ್ಲ ಟ್ರ್ಯಾಕ್ಟರ್ ಏರಿದರೂ ಆಯಿ ನಡುಮನೆಯ ಕಂಬ ಬಿಡಲಿಲ್ಲ. "ನೀರ ಬಂದ್ರ ಬರ್ಲಿ, ನಾ ಬರಂಗಿಲ್ಲ" ಎಂದಳು. ಅಪ್ಪ ಅಂಗಲಾಚಿದ, ಚಿಕ್ಕಪ್ಪ ಸಿಟ್ಟಾದ. ಕಾಕು ಮಾತ್ರ ಪಕ್ಕದಲ್ಲಿ ಕೂತು, ಈ ಸಲ ಕೊಲೆಗಾರ ಯಾರೆಂದು ಹೇಳದೆಯೇ, ಹೊಸ ಸಿನಿಮಾ ಶುರು ಮಾಡಿದಳು. ಹುಡುಗಿ ಒಬ್ಬಳೇ ಇದ್ದಾಳೆ, ಕರೆಂಟು ಹೋಯಿತು, ಕದದ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ... ಅಲ್ಲಿಗೆ ಸೆರಗು ಕೊಡವಿ ಎದ್ದುಬಿಟ್ಟಳು.

"ಮುಂದ ಏನಾತು?" ಆಯಿ ಕೇಳಿದಳು.

"ಮುಂದಿಂದು ಹೊಸ ಮನ್ಯಾಗ ಹೇಳ್ತೇನಿ. ಏಳ್ರಿ, ಅತ್ಯಾರ."

"ಭಾಳ ಶಾಣ್ಯಾಕಿ ಅದಿ ಬಿಡು" ಎಂದು ಗೊಣಗುತ್ತಲೇ ಆಯಿ ಎದ್ದಳು. ಕಾಕು ಗೆದ್ದಳೆಂದು ನಾವು ಹಿಗ್ಗಿದೆವು. ಆಯಿ ದಾರಿಯುದ್ದಕ್ಕೂ ಕದದ ಹಿಂದಿದ್ದವರು ಯಾರೆಂದು ಕೇಳುತ್ತಲೇ ಇದ್ದಳು, ಬಿಟ್ಟುಬಂದ ಮನೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ಹಸಿ ಸುಣ್ಣದ ವಾಸನೆಯಿತ್ತು. ಸಂಜೆ ಹಿಟ್ಟು ನಾದುತ್ತ ಕಾಕು ಕೊಟ್ಟ ಮಾತು ಉಳಿಸಿಕೊಂಡಳು. ಕೊಲೆಗಾರ ಸಿಕ್ಕಿಬಿದ್ದ, ಹುಡುಗಿ ಉಳಿದಳು. ಆಯಿಗೆ ಸಮಾಧಾನವಾಯಿತು. ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತಳು.

"ಛಲೋ ಇತ್ತ ನೋಡವಾ. ಮುಗೀತಲ್ಲ? ಇನ್ನ ಮನಿಗೆ ಹೋಗೂಣ ನಡಿ."

ಕಾಕು ಹಿಟ್ಟಿನ ಕೈಯಲ್ಲೇ ಆಯಿಯ ಕೈ ಹಿಡಿದುಕೊಂಡಳು.