ಸಾಲು ತುಂಬಲಿಲ್ಲ

ವಡಗೇರಾ ಕಡೆಯ ನಮ್ಮೂರಿನಲ್ಲಿ ಭತ್ತದ ನಾಟಿ ಎಂದರೆ ದೇವಕಮ್ಮ. ಇಪ್ಪತ್ತು ವರ್ಷದಿಂದ, ಅವಳೂ ಸೇರಿ ಹನ್ನೆರಡು ಹೆಂಗಸರ ಗುಂಪು ಅವಳ ಮಾತಿನಲ್ಲಿದೆ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಗದ್ದೆಯಲ್ಲಿ ಬಾಗಿರಬೇಕು. ನಾಟಿ ಹಿಂದಕ್ಕೆ ನಡೆಯುತ್ತ ಮಾಡುವ ಕೆಲಸ. ಕೈ ನಿಧಾನವಾದವಳು ಎಲ್ಲರಿಗಿಂತ ಮುಂದೆ ಒಬ್ಬಳೇ ಉಳಿದುಬಿಡುತ್ತಾಳೆ. ಮುಚ್ಚಿಡಲು ಬರುವುದಿಲ್ಲ.

"ಒಬ್ಬಾಕಿ ಸಲುವಾಗಿ ಸಾಲು ನಿಲ್ಲಬಾರ್ದು" ಎನ್ನುವುದು ದೇವಕಮ್ಮನ ಕಾಯದೆ. ಹೋದ ವರ್ಷ ಚಿಕೂನ್‌ಗುನ್ಯ ಆಗಿ ಕೈಬೆರಳು ಬಿಗಿದ ಭಾಗ್ಯಳನ್ನು, ಸ್ವಂತ ನೆಗೆಣ್ಣಿಯನ್ನು, ಎಲ್ಲರೆದುರು ಮನೆಗೆ ಅಟ್ಟಿದಳು. ನನಗೆ ಮೈಯೆಲ್ಲ ಉರಿಯಿತು. ಊರಿನ ಶಾಲೆಯ ಟೀಚರ್ ಎಂಬ ಗತ್ತಿನಲ್ಲಿ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟೆ. ಅದು ಅವಳ ಗಮನಕ್ಕೇ ಬರಲಿಲ್ಲ.

ಈ ವರ್ಷ ನಾಟಿಗೆ ಮುಂಚೆ ಶಹಾಪುರದ ಫರ್ಹತ ಬಂದಳು. ನೃತ್ಯ ಓದಿದ ಹುಡುಗಿ. ಗೊಂದಲ ಮತ್ತು ಕ್ರಮದ ಬಗ್ಗೆ ಒಂದು ಸಮಕಾಲೀನ ನೃತ್ಯ ಕಟ್ಟುತ್ತಿದ್ದಳು. ಅದಕ್ಕೆ ನಿಜವಾದ ನಾಟಿಯ ಹೆಂಗಸರೇ ಬೇಕಿತ್ತು. ನಾನೇ ದೇವಕಮ್ಮನ ಹತ್ತಿರ ಕರೆದೊಯ್ದೆ. ನೃತ್ಯಕ್ಕೆ ಹನ್ನೆರಡರಲ್ಲಿ ಒಬ್ಬಳು ಕಡಿಮೆ ಬಿದ್ದಾಗ ಸದ್ದಿಲ್ಲದೆ ಭಾಗ್ಯಳನ್ನು ಸೇರಿಸಿದವಳೂ ನಾನೇ. ದೇವಕಮ್ಮ ಮುಖ ಗಂಟಿಕ್ಕಿಕೊಂಡಳು.

ಶಾಲೆಯ ಮೈದಾನದಲ್ಲಿ ಮೊದಲ ಅಭ್ಯಾಸ. "ಈಗ ಎಲ್ಲಾರೂ ಮನಸಿಗಿ ಬಂದ ಕಡಿ ಹೋಗ್ರಿ" ಎಂದಳು ಫರ್ಹತ. ಹೆಂಗಸರು ಎರಡು ಹೆಜ್ಜೆ ಚದುರಿ, ಮತ್ತೆ ಸಾಲಿಗೆ ಬಂದು ನಿಂತರು.

"ಗಡಬಡ ಮಾಡಾಕ ಬರಂಗಿಲ್ಲೇನ್ರಿ ನಿಮಗ?"

"ನಮ್ ಗದ್ದಿಯಾಗ ಅದಕ್ಕ ಜಾಗ ಇಲ್ಲವ್ವಾ" ಎಂದಳು ದೇವಕಮ್ಮ.

ಕೊನೆಗೆ ಚದುರುವುದು ಫರ್ಹತ ಕರೆತಂದ ನರ್ತಕಿಯರ ಪಾಲಿಗೆ, ಸಾಲು ಹಿಡಿಯುವುದು ಇವರ ಪಾಲಿಗೆ ಎಂದಾಯಿತು.

ದೇವಕಮ್ಮನ ಮೊಣಕಾಲು ಹೋಗಿತ್ತು. ಇದು ನನಗೊಬ್ಬಳಿಗೇ ಗೊತ್ತು. "ಯಾರ ಮುಂದೂ ಅನ್ಬ್ಯಾಡ್ರಿ" ಎಂದು ನನ್ನಿಂದಲೇ ಮುಲಾಮು ತರಿಸಿಕೊಳ್ಳುತ್ತಿದ್ದಳು. ಗೊತ್ತಾದರೆ ಅವಳ ಕಾಯದೆಯೇ ಅವಳನ್ನು ಮನೆಗೆ ಕಳಿಸುತ್ತಿತ್ತು. ಆ ಸಾಲು ಬಿಟ್ಟರೆ ತನ್ನದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ.

ಯಾದಗಿರಿಯ ಸಭಾಂಗಣ ತುಂಬಿತ್ತು. ನರ್ತಕಿಯರು ಓಡಿದರು, ಡಿಕ್ಕಿ ಹೊಡೆದರು, ಬಿದ್ದರು. ಅವರ ನಡುವೆಯೇ ನಮ್ಮವರು ಬಾಗಿ ಹಿಂದಕ್ಕೆ ಸರಿಯುತ್ತಿದ್ದರು. ಅರ್ಧದಲ್ಲಿ ದೇವಕಮ್ಮನ ಮೊಣಕಾಲು ಹಿಡಿದುಕೊಂಡಿತು. ಸಾಲು ಹಿಂದೆ ಹೋಯಿತು. ಅಷ್ಟು ಜನರೆದುರು ಅವಳೊಬ್ಬಳೇ ಮುಂದೆ ಉಳಿದಳು.

ಆಗ ಭಾಗ್ಯ ಸಾಲು ಬಿಟ್ಟು ಬಂದು ಅವಳ ಪಕ್ಕ ಬಾಗಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹತ್ತು ಮಂದಿಯೂ ಬಂದರು. ಜನ ಚಪ್ಪಾಳೆ ತಟ್ಟಿದರು. ಫರ್ಹತ ಇದನ್ನು ಕಲಿಸಿರಲಿಲ್ಲ. ಪರದೆಯ ಮರೆಯಲ್ಲಿ ಬೆಪ್ಪಾಗಿ ನಿಂತಿದ್ದಳು.

ಊರಿಗೆ ಮರಳುವಾಗ ಗಾಡಿಯಲ್ಲಿ ದೇವಕಮ್ಮ ಹೇಳಿದಳು: "ನನ್ ಮಣಕಾಲ ಹೋಗ್ಯಾವ. ಇನ್ನ ನಾ ಗದ್ದಿಗಿ ಬರಂಗಿಲ್ಲ. ಕಾಯ್ದೆ ಎಲ್ಲಾರಿಗೂ ಒಂದ." ನನಗೆ ಅಳು ಬಂತು, ಕಿಟಕಿ ಕಡೆ ತಿರುಗಿಕೊಂಡೆ.

ಸೋಮವಾರ ನಾಟಿ ಶುರು. ಶಾಲೆಗೆ ಹೋಗುತ್ತ ನೋಡುತ್ತೇನೆ, ಹನ್ನೊಂದು ಮಂದಿ ಸಸಿ ಹಿಡಿದು ಕೆಸರಿನಲ್ಲಿ ಸುಮ್ಮನೆ ನಿಂತಿದ್ದಾರೆ. ಅವರಲ್ಲಿ ಭಾಗ್ಯಳೂ ಇದ್ದಳು. ಸಾಲಿನ ನಡುವೆ ಒಬ್ಬರಷ್ಟು ಜಾಗ ಖಾಲಿ. ಏಳು ದಾಟಿ ಏಳೂವರೆಯಾಯಿತು. ಹೊಲದ ಯಜಮಾನ ಬದುವಿನ ಮೇಲೆ ನಿಂತು ಕೂಗಾಡಿ ಸೋತ. ಸುದ್ದಿ ತಿಳಿದು ದೇವಕಮ್ಮ ಕುಂಟುತ್ತ ಬಂದಳು.

"ಹೊತ್ತ ಎಲ್ಲಿಗಿ ಬಂತು! ಯಾಕ ನಿಂತೀರಿ?"

"ಸಾಲು ತುಂಬಿಲ್ಲಕ್ಕಾ" ಎಂದಳು ಭಾಗ್ಯ.

ದೇವಕಮ್ಮ ಆ ಖಾಲಿ ಜಾಗ ನೋಡಿ ಭಾಗ್ಯಳ ಕಡೆ ತಿರುಗಿದಳು. "ನಿನ್ನ ಹಂಗ ಕಳಸಬಾರ್ದಿತ್ತು ನಾ."

"ಗೊತ್ತದ. ಇಳೀ ಕೆಳಗ."

ಇಳಿದಳು. ಭಾಗ್ಯ ತನ್ನ ಸಸಿಯ ಕಟ್ಟನ್ನು ಅರ್ಧ ಮಾಡಿ ಅವಳ ಕೈಗೆ ಕೊಟ್ಟಳು. ದೇವಕಮ್ಮ ಕಣ್ಣೀರು ಒರೆಸಿಕೊಳ್ಳದೆಯೇ, ಆಚೆ ತುದಿಯವಳು ಸೊಟ್ಟಗೆ ನಿಂತಿದ್ದಾಳೆಂದು ಬೈಯತೊಡಗಿದಳು.